ದೋಣಿಯವನಿಗೆ ನಿಮ್ಮ ‘ಸಾಕು’ ಕೇಳಿಸಬೇಕು

ಪ್ರಶ್ನೆ: ನನಗೆ 44 ವರ್ಷ. ಉಡುಪಿ ಕಡೆಯವಳು, ಮದುವೆಯಾಗಿ ಮುಂಬೈಯ ಭಾಂಡುಪಿಗೆ ಬಂದೆ. ಮೇ ರಜೆಯಲ್ಲಿ ಮತ್ಸ್ಯಗಂಧಾ ರೈಲಿನಲ್ಲಿ ಊರಿಗೆ ಹೊರಟಿದ್ದೇವೆ. ಮಲ್ಪೆಯಲ್ಲಿ ಬನಾನಾ ಬೋಟ್, ಪ್ಯಾರಾಸೇಲಿಂಗ್ ಎಲ್ಲರೂ ಮಾಡಲೇಬೇಕೆಂದು ಮಕ್ಕಳ ಹಟ, ಯಜಮಾನರದೂ ಅದೇ ಮಾತು. ನನಗೆ ಈಜು ಬಾರದು. ಗೇಟ್‌ವೇ ದೋಣಿ ದುರಂತದ ಸುದ್ದಿ ನೋಡಿದ ಮೇಲಂತೂ ನೀರೆಂದರೆ ಎದೆ ಡವಡವ. ‘ಕಡಲ ಕರೆಯವಳಾಗಿ ಹೆದರುತ್ತೀಯಾ’ ಎಂದು ನಾದಿನಿ ನಗುತ್ತಾಳೆ. ಒಪ್ಪಿದರೆ ಭಯ, ಒಲ್ಲೆನೆಂದರೆ ಎಲ್ಲರ ಖುಷಿ ಕೆಡಿಸಿದಂತೆ. ಏನು ಮಾಡಲಿ?
– ಓದುಗರೊಬ್ಬರು, ಭಾಂಡುಪ್

ಉತ್ತರ: ಮೊದಲು ನಾದಿನಿಯ ಮಾತನ್ನು ಪಕ್ಕಕ್ಕಿಡಿ. ಕಡಲ ಬದಿಯಲ್ಲಿ ಹುಟ್ಟಿದ ಮಾತ್ರಕ್ಕೆ ಈಜು ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಗಂಡುಮಕ್ಕಳು ನೀರಿಗೆ ಹಾರುವಾಗ ಹೆಣ್ಣುಮಕ್ಕಳನ್ನು ದಡದಲ್ಲೇ ನಿಲ್ಲಿಸಿ ಬೆಳೆಸಿದ್ದಾರೆ. ನಿಮಗೆ ಯಾರೂ ಕಲಿಸದೇ ಹೋದದ್ದಕ್ಕೆ ನೀವು ನಾಚಬೇಕಾಗಿಲ್ಲ.

ನಿಮ್ಮ ಪತ್ರದಲ್ಲಿ ಎರಡು ಭಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ನೀರಿನದು, ಅದನ್ನು ಕಡಿಮೆ ಮಾಡಿಕೊಳ್ಳಬಹುದು. ಇನ್ನೊಂದು ದೋಣಿ ನಡೆಸುವವರ ಅಜಾಗ್ರತೆಯದು, ಅದನ್ನು ಬಿಡಬೇಡಿ. 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾ ಕಡೆಗೆ ಹೊರಟಿದ್ದ ‘ನೀಲ್‌ಕಮಲ್’ ದೋಣಿಗೆ, ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದ ದೋಣಿ ಬಂದು ಬಡಿಯಿತು. ಆ ಹೊತ್ತಿಗೆ ಲೈಫ್ ಜಾಕೆಟ್ ತೊಟ್ಟಿರಲಿಲ್ಲವೆಂದು ಬದುಕುಳಿದವರೇ ಹೇಳಿದರು. ಆ ಸುದ್ದಿ ನಿಮ್ಮನ್ನು ಕಾಡುತ್ತಿದ್ದರೆ ಅದು ಹೇಡಿತನವಲ್ಲ.

ಈಗ ನೀರಿನ ಭಯಕ್ಕೆ ಬರೋಣ. ನಿಮ್ಮಿಂದ ಎರಡೇ ಸ್ಟೇಶನ್ ದೂರದ ಮುಲುಂಡಿನಲ್ಲಿ, ಕಾಳಿದಾಸ ನಾಟ್ಯಮಂದಿರದ ಆವರಣದಲ್ಲೇ ಪಾಲಿಕೆಯ ಈಜುಕೊಳವಿದೆ. ಹೊರಡುವ ಮೊದಲು ಪೂರ್ತಿ ಈಜು ಕಲಿಯದಿದ್ದರೂ ಸರಿ, ಮುಖಕ್ಕೆ ನೀರು ಬಡಿದಾಗ ಗಾಬರಿಯಾಗದೆ ಉಸಿರಾಡುವುದು, ಬೆನ್ನ ಮೇಲೆ ತೇಲುವುದು ಇಷ್ಟು ಅಭ್ಯಾಸ ಮಾಡಿ. ಮಲ್ಪೆಯಲ್ಲೂ ನೇರವಾಗಿ ದೋಣಿ ಹತ್ತಬೇಡಿ. ಅಲೆ ಸಣ್ಣದಿರುವ ಕಡೆ ಸೊಂಟದ ಮಟ್ಟದ ನೀರಿನಲ್ಲಿ, ಯಜಮಾನರ ಕೈ ಹಿಡಿದು, ಜಾಕೆಟ್ ತೊಟ್ಟು ಕಾಲು ಮೇಲೆತ್ತಿ ನೋಡಿ. ಅದು ನಿಮ್ಮನ್ನು ಎತ್ತಿ ಹಿಡಿಯುವುದು ಮೈಗೇ ತಿಳಿಯಬೇಕು, ಯಾರೋ ಹೇಳಿದರೆ ಸಾಲದು. ಬಕಲ್ ಹಾಕಿದ ಮೇಲೆ ಮಕ್ಕಳಿಗೆ ಜಾಕೆಟ್ಟಿನ ಹೆಗಲನ್ನು ಮೇಲಕ್ಕೆ ಎಳೆಯಲು ಹೇಳಿ. ಕಿವಿಯವರೆಗೆ ಜಾರಿ ಬಂದರೆ ಅದು ನಿಮ್ಮ ಅಳತೆಯದಲ್ಲ. ಬೇರೆಯದನ್ನು ಕೇಳಿ, ಸಂಕೋಚ ಬೇಡ.

ಯಾವ ಆಟ ಆರಿಸಬೇಕು ಎಂಬುದಕ್ಕೆ ನನ್ನ ಅಳತೆಗೋಲು ಒಂದೇ: ನಡುವೆ ‘ಸಾಕು’ ಎಂದರೆ ನಿಲ್ಲುತ್ತದೆಯೇ? ಪ್ಯಾರಾಸೇಲಿಂಗ್‌ನಲ್ಲಿ ಮೇಲೇರಿದ ಮೇಲೆ ನಿಮ್ಮ ದನಿ ಕೆಳಗೆ ಮುಟ್ಟುವುದಿಲ್ಲ. ಎಲ್ಲವೂ ಗಾಳಿ, ಹಗ್ಗ, ದೋಣಿಯವನ ಕೈಯಲ್ಲಿ. ಈ ಸಲ ಅದು ಬೇಡವೆಂದೇ ನನ್ನ ಅಭಿಪ್ರಾಯ. ಬನಾನಾ ಬೋಟ್ ಆದರೆ ಆಗಬಹುದು. ಅದನ್ನು ಎಳೆಯುವ ದೋಣಿಯಲ್ಲಿ ಓಡಿಸುವವನಲ್ಲದೆ, ಹಿಂದಕ್ಕೆ ಮುಖ ಮಾಡಿ ನಿಮ್ಮನ್ನೇ ನೋಡುವ ಇನ್ನೊಬ್ಬ ಇರಲಿ. ಕೈ ಎತ್ತಿದರೆ ನಿಧಾನಿಸಬೇಕೆಂದು ಅವನೊಡನೆ ಮೊದಲೇ ಮಾತಾಡಿಕೊಳ್ಳಿ. ಸವಾರಿ ಮುಗಿಯುವ ಹೊತ್ತಿಗೆ ಬೇಕೆಂದೇ ಸರ್ರನೆ ತಿರುಗಿಸಿ ಎಲ್ಲರನ್ನೂ ನೀರಿಗೆ ಕೆಡವುವ ರೂಢಿ ಹಲವು ಕಡೆ ಇದೆ, ಹೊಸಬರಿಗೆ ಇದು ಗೊತ್ತಿರುವುದಿಲ್ಲ. ‘ಕೆಡವಬಾರದು’ ಎಂದು ದುಡ್ಡು ಕೊಡುವ ಮೊದಲೇ ಹೇಳಿ. ಒಪ್ಪದವನ ದೋಣಿ ಹತ್ತಬೇಡಿ.

ನಡುವಿನ ಜಾಗದಲ್ಲಿ ಕೂರಿ, ತಿರುವಿನಲ್ಲಿ ಕೊನೆಯವರಿಗೇ ಹೆಚ್ಚು ಹೊಡೆತ. ದುಪಟ್ಟಾ, ಸೀರೆ ಬೇಡ. ಮೈಗೆ ಅಂಟುವ ಬಟ್ಟೆ ಇರಲಿ, ಕರಿಮಣಿ, ಕನ್ನಡಕ, ಮೊಬೈಲ್ ದಡದಲ್ಲಿರಲಿ. ಅಕಸ್ಮಾತ್ ಬಿದ್ದರೆ ಹಿಡಿಕೆ ಬಿಟ್ಟುಬಿಡಿ, ಬಾಯಿ ಮುಚ್ಚಿ ಬೆನ್ನ ಮೇಲೆ ಮಲಗಿ, ದೋಣಿ ಸುತ್ತು ಹಾಕಿ ಬರಲು ಬಿಡಿ. ಎಂಜಿನ್ ನಿಲ್ಲುವ ತನಕ ಅದರ ಹಿಂಭಾಗಕ್ಕೆ ಹೋಗಬೇಡಿ, ಅಲ್ಲಿ ಪ್ರೊಪೆಲ್ಲರ್ ಇರುತ್ತದೆ. ನುಣುಪಾದ ಬನಾನಾ ಮೇಲೆ ಮತ್ತೆ ಹತ್ತುವುದು ಕಷ್ಟ, ದೋಣಿಯೊಳಕ್ಕೇ ಎಳೆದುಕೊಳ್ಳಿ ಎಂದು ಕೇಳಿ. ಬೀಳುವುದು ಅವಮಾನವೂ ಅಲ್ಲ. 1922ರಲ್ಲಿ ಅಮೆರಿಕದ ಮಿನೆಸೋಟದ ಸರೋವರದಲ್ಲಿ ವಾಟರ್ ಸ್ಕೀಯಿಂಗ್ ಶುರು ಮಾಡಿದ ಹದಿನೆಂಟರ ಹುಡುಗ ರಾಲ್ಫ್ ಸ್ಯಾಮುಯೆಲ್ಸನ್ ಕೂಡ ಮತ್ತೆ ಮತ್ತೆ ಮುಳುಗಿಯೇ ನಿಲ್ಲಲು ಕಲಿತದ್ದು.

ಬೆನ್ನು ಅಥವಾ ಕುತ್ತಿಗೆ ನೋವು, ಹೃದಯದ ತೊಂದರೆ, ಫಿಟ್ಸ್, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದರೆ ನಿಮ್ಮ ಡಾಕ್ಟರರನ್ನು ಕೇಳದೆ ಯಾವುದಕ್ಕೂ ಒಪ್ಪಬೇಡಿ.

ಇನ್ನು ಮನೆಯವರ ವಿಷಯ. ದಡದಲ್ಲಿ ನಿಂತು ವಾದ ಮಾಡುವುದಕ್ಕಿಂತ ರೈಲು ಹತ್ತುವ ಮೊದಲೇ ಯಜಮಾನರೊಡನೆ ಮಾತಾಡಿ: ‘ಪ್ರಯತ್ನ ಮಾಡುತ್ತೇನೆ, ಆದರೆ ಕೊನೆಯ ಗಳಿಗೆಯಲ್ಲಿ ಬೇಡವೆಂದರೆ ಯಾರೂ ನಗಬಾರದು, ಬಲವಂತ ಮಾಡಬಾರದು.’ ಅದನ್ನು ಮಕ್ಕಳಿಗೆ ಅವರೇ ಹೇಳಲಿ. ಅಮ್ಮನ ‘ಬೇಡ’ಕ್ಕೆ ಮನೆಯಲ್ಲಿ ಬೆಲೆಯಿದೆ ಎಂದು ಕಂಡ ಮಕ್ಕಳು, ನಾಳೆ ತಮಗೆ ಒಪ್ಪಿಗೆಯಿಲ್ಲದ ಕಡೆಯೂ ಬೇಡವೆನ್ನಲು ಅಂಜುವುದಿಲ್ಲ. ನನಗೆ ಬನಾನಾ ಬೋಟಿಗಿಂತ ಇದೇ ದೊಡ್ಡದೆನಿಸುತ್ತದೆ.

ಮೇ ಮೊದಲರ್ಧದಲ್ಲೇ ಹೋಗಿ. ತಿಂಗಳ ಕೊನೆಗೆ ಕಡಲು ಏರತೊಡಗುತ್ತದೆ, ಮಳೆಗಾಲದಲ್ಲಿ ಈ ಆಟಗಳು ನಿಲ್ಲುತ್ತವೆ. ದಿನದಲ್ಲಿ ಬೆಳಗಿನ ಹೊತ್ತೇ ಒಳ್ಳೆಯದು, ಮಧ್ಯಾಹ್ನದ ಮೇಲೆ ಕಡಲಗಾಳಿ ಜೋರಾಗುತ್ತದೆ.