ಪಿಕಪ್ಪಿನ ಹಿಂದೆ ಟ್ರೇಲರು: ಎಷ್ಟು ಭಾರ ಕಟ್ಟಬಹುದು?



ಕಬ್ಬಿನ ಹಂಗಾಮಿನಲ್ಲಿ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಹೋದವರು, ಒಂದೇ ಟ್ರಾಕ್ಟರು ತುಂಬಿದ ಎರಡು ಟ್ರೇಲರುಗಳನ್ನು ಎಳೆದೊಯ್ಯುವುದನ್ನು ಕಂಡಿರುತ್ತಾರೆ. ಹಾಗಾದರೆ ನಮ್ಮ ಪಿಕಪ್ಪಿಗೆ ಒಂದು ಟ್ರೇಲರು ಯಾವ ಲೆಕ್ಕ ಎನ್ನಿಸುವುದು ಸಹಜ. ಆದರೆ ಅಲ್ಲಿನ ಎರೆಭೂಮಿ ಬಹುಪಾಲು ಬಯಲು, ಟ್ರಾಕ್ಟರಿನ ನಡಿಗೆ ನಿಧಾನ. ಅಷ್ಟಾದರೂ ಆ ಪದ್ಧತಿ ಅಪಾಯವಿಲ್ಲದ್ದಲ್ಲ. ನಮ್ಮ ತೋಟದ ದಾರಿಗಳೋ ಏರಿಳಿತದವು. ಇಲ್ಲಿ ಎಳೆಯುವ ಶಕ್ತಿಯೊಂದೇ ಸಾಲದು. ಇಳಿಜಾರಿನಲ್ಲಿ ತಡೆದು ನಿಲ್ಲಿಸುವ ಶಕ್ತಿಯೂ ಬೇಕು.

ಮೊದಲು ಗಾಡಿಯೊಡನೆ ಬಂದ ಕೈಪಿಡಿಯನ್ನು ನೋಡೋಣ. ಗಾಡಿ ಮತ್ತು ಟ್ರೇಲರು ಸೇರಿ ಇರಬಹುದಾದ ಒಟ್ಟು ತೂಕ, ಟ್ರೇಲರಿನ ಗರಿಷ್ಠ ತೂಕ, ಗಾಡಿಯೊಂದರ ಗರಿಷ್ಠ ತೂಕ, ಕೊಂಡಿ ತಾಳುವ ಭಾರ, ಈ ನಾಲ್ಕೂ ಬೇಕು. ಟ್ರೇಲರಿನ ಮಾತೇ ಅದರಲ್ಲಿ ಇಲ್ಲದಿದ್ದರೆ, ಆ ಗಾಡಿಗೆ ಟ್ರೇಲರು ಕಟ್ಟಕೂಡದೆಂದೇ ತಿಳಿಯತಕ್ಕದ್ದು.

ಒಂದು ಲೆಕ್ಕ ಮಾಡೋಣ. ಈ ಅಂಕಿಗಳು ಉದಾಹರಣೆಗೆ ಮಾತ್ರ.

ಎರಡೂ ಸೇರಿದ ಮಿತಿ: 4,000 ಕಿಲೋ
ಖಾಲಿ ಪಿಕಪ್ಪು: 1,700 ಕಿಲೋ
ಚಾಲಕ ಮತ್ತು ಒಬ್ಬ ಆಳು: 150 ಕಿಲೋ
ಪಿಕಪ್ಪಿನಲ್ಲಿ 50 ಕಿಲೋದ 10 ಚೀಲ ಕಾಫಿ: 500 ಕಿಲೋ
ಟ್ರೇಲರಿಗೆ ಉಳಿದದ್ದು: 1,650 ಕಿಲೋ

ಕೈಪಿಡಿಯಲ್ಲಿ ಟ್ರೇಲರಿನ ಮಿತಿ 1,500 ಕಿಲೋ ಎಂದಿದ್ದರೆ ಅದೇ ನಮ್ಮ ಮಿತಿ. ಯಾವಾಗಲೂ ಕಡಿಮೆ ಅಂಕಿಯನ್ನೇ ಹಿಡಿಯಬೇಕು. ಖಾಲಿ ಟ್ರೇಲರು 450 ಕಿಲೋ ತೂಗಿದರೆ ಸರಕಿಗೆ ಉಳಿಯುವುದು 1,050 ಕಿಲೋ, ಅಂದರೆ 21 ಚೀಲ.

ಟ್ರೇಲರಿನ ತೂಕದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಕೊಂಡಿಯ ಮೇಲೆ ಕೂರುವಂತೆ ಸರಕು ಜೋಡಿಸಬೇಕು. ಹಿಂದಕ್ಕೆ ಭಾರ ಹೆಚ್ಚಾದರೆ ಟ್ರೇಲರು ಅತ್ತಿತ್ತ ತೂಗಾಡುತ್ತದೆ. ಕೊಂಡಿಯ ಮೇಲಿನ ಈ 150 ಕಿಲೋವನ್ನು ಪಿಕಪ್ಪೇ ಹೊರುತ್ತದೆ. ಆಗ ಅದರ ಭಾರ 2,350ರಿಂದ 2,500 ಕಿಲೋಗೆ ಏರುತ್ತದೆ. ಇದು ಗಾಡಿಯ ಗರಿಷ್ಠ ತೂಕದೊಳಗೆ ಇರಬೇಕು.

ಇನ್ನು ಇಳಿಜಾರು. ನಮ್ಮ ಉದಾಹರಣೆಯಲ್ಲಿ ಎಲ್ಲ ಸೇರಿ 3,850 ಕಿಲೋ. ನೂರು ಅಡಿಗೆ ಒಂದು ಅಡಿ ಇಳಿಯುವ ಬಯಲು ದಾರಿಯಲ್ಲಿ ಇದು ಸುಮಾರು 38 ಕಿಲೋ ಬಲದಿಂದ ಕೆಳಕ್ಕೆ ಜಗ್ಗುತ್ತದೆ. ಹತ್ತು ಅಡಿಗೆ ಒಂದು ಅಡಿ ಇಳಿಯುವ ತೋಟದ ದಾರಿಯಲ್ಲಾದರೆ ಸುಮಾರು 385 ಕಿಲೋ! ಟ್ರೇಲರಿಗೆ ಬ್ರೇಕು ಇಲ್ಲದಿದ್ದರೆ ಇಡೀ ಭಾರವನ್ನು ಪಿಕಪ್ಪಿನ ಬ್ರೇಕೇ ತಡೆಯಬೇಕು. ಬ್ರೇಕು ಕಾದರೆ ಹಿಡಿತ ತಪ್ಪುತ್ತದೆ. ಆದುದರಿಂದ ಬ್ರೇಕಿಲ್ಲದ ಟ್ರೇಲರಿಗೆ ಕೈಪಿಡಿ ಹೇಳುವ ಕಡಿಮೆ ಮಿತಿಯನ್ನೇ ಪಾಲಿಸಬೇಕು. ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬರಬೇಕು.

ಹಸಿ ಅಡಿಕೆ ಗೊನೆ, ಹಸಿ ಕಾಫಿ ಹಣ್ಣುಗಳ ಭಾರವನ್ನು ಕಣ್ಣಳತೆಯಿಂದ ನಿರ್ಧರಿಸಲಾಗದು. ಒಮ್ಮೆ ವೇಬ್ರಿಜ್ಜಿನಲ್ಲಿ ತೂಗಿಸಿ ಬರೆದಿಟ್ಟುಕೊಳ್ಳಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯು ಮಿತಿಮೀರಿದ ಭಾರಕ್ಕೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವನ್ನು ಗೊತ್ತುಮಾಡಿದೆ. ಜೀವಕ್ಕಾದರೋ ಬೆಲೆ ಕಟ್ಟಲಾಗದು. ಉಳಿದ ಚೀಲಗಳಿಗಾಗಿ ಇನ್ನೊಂದು ಸಲ ಹೋಗಿ ಬರುವುದೇ ಲೇಸು.