ಹಳೇ ವೀಡರ್ ಎಂಜಿನ್ ರಿಪೇರಿ: ಟ್ಯಾಪೆಟ್ ತಣ್ಣಗಿದ್ದಾಗಲೇ ಇಡಿ

ಹೆಡತಲೆಯ ನಮ್ಮ ಬಾಳೆ ತೋಟದಲ್ಲಿ ಹಳೇ ಪವರ್ ವೀಡರ್ ಒಂದಿದೆ. ಎಂಜಿನ್ ಹೋಂಡಾ ಜಿಎಕ್ಸ್160, ಫೋರ್ ಸ್ಟ್ರೋಕ್ ಪೆಟ್ರೋಲ್, 163 ಸಿಸಿ. ಏರ್ ಫಿಲ್ಟರಿನ ಸ್ಪಂಜು ಹರಿದಿದ್ರೂ ಹಾಗೇ ಓಡಿಸಿದ್ದೆ, ತಪ್ಪು ನನ್ನದೇ. ಧೂಳು ಒಳಗೆ ಹೋಗಿ ನೀಲಿ ಹೊಗೆ ಶುರುವಾಯ್ತು. ಕಳೆ ತೆಗೆಯೋ ಹೊತ್ತಲ್ಲಿ ಹಗ್ಗ ಎಳೆದೂ ಎಳೆದೂ ಭುಜ ಸೋತು ಹೋಯ್ತು. ಗುಜರಿಗೆ ಹಾಕು ಅಂದ್ರು ಮನೇಲಿ.

ಬಿಚ್ಚೋಕೆ ಮೊದಲು ಒಂದು ಪರೀಕ್ಷೆ ಮಾಡಿ. ಸ್ವಿಚ್ ಆಫ್ ಇರಲಿ. ಪ್ಲಗ್ ತೆಗೆದು ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಪ್ಲಗ್ ಹಾಕಿ ಹಗ್ಗ ಎಳೀರಿ. ಮೊದಲಿಗಿಂತ ಬಿಗಿಯಾದ್ರೆ ರಿಂಗು, ಬೋರ್ ಸವೆದಿವೆ. ವ್ಯತ್ಯಾಸ ಇಲ್ದಿದ್ರೆ ವಾಲ್ವ್, ಹೆಡ್ ಗ್ಯಾಸ್ಕೆಟ್ ನೋಡಿ. ನಂದು ಬಿಗಿಯಾಯ್ತು. ರಿಂಗ್ ಸೆಟ್ ಬದಲಿಸಿದೆ. ಹೆಡ್ ಬಿಚ್ಚಿದ್ದೇ ಬಿಚ್ಚಿದ್ದು ಅಂತ ವಾಲ್ವುಗಳನ್ನೂ ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಕೂರಿಸಿದೆ. ಪೋರ್ಟಿಗೆ ಸೀಮೆಎಣ್ಣೆ ಹುಯ್ದರೆ ವಾಲ್ವ್ ಸಂದಿಯಲ್ಲಿ ಸೋರಬಾರದು.

ಎಡವಿದ್ದು ಕೊನೇಲಿ. ಟ್ರಯಲ್ ಓಡಿಸಿ, ಬಿಸಿ ಇದ್ದಾಗಲೇ ಟ್ಯಾಪೆಟ್ ಇಟ್ಟೆ. ಬೆಳಿಗ್ಗೆ ಸ್ಟಾರ್ಟೇ ಆಗ್ಲಿಲ್ಲ! ಬಿಸಿಗೆ ಲೋಹ ಹಿಗ್ಗಿರುತ್ತೆ, ಅಳತೆ ಸುಳ್ಳು ಹೇಳುತ್ತೆ. ಪೂರ್ತಿ ತಣ್ಣಗಾದ ಮೇಲೆ, ಎರಡೂ ವಾಲ್ವ್ ಮುಚ್ಚಿರೋ ಹಾಗೆ ಪಿಸ್ಟನ್ ಮೇಲೆ ತಂದು, ಫೀಲರ್ ಗೇಜಿನಲ್ಲಿ ಇನ್‌ಲೆಟ್ 0.15, ಎಕ್ಸಾಸ್ಟ್ 0.20 ಮಿ.ಮೀ. ಇಡಿ. ಪ್ಲಗ್ ಗ್ಯಾಪ್ 0.7ರಿಂದ 0.8 ಮಿ.ಮೀ. ನಿಮ್ಮದು ಬೇರೆ ಎಂಜಿನ್ ಆದ್ರೆ ಅಳತೆನೂ ಬೇರೆ, ಅದರ ಮ್ಯಾನ್ಯುಯಲ್ ನೋಡಿ.

ಹೊಸ ರಿಂಗು ಕೂರೋವರೆಗೂ ಗಟ್ಟಿ ನೆಲಕ್ಕೆ ಇಳಿಸಬೇಡಿ. 20 ಗಂಟೆ ಓಡಿದ ಮೇಲೆ ಆಯಿಲ್ ಬದಲಿಸಿ. ನಮ್ಮದು ಈಗ ಎರಡನೇ ಎಳೆತಕ್ಕೇ ಹತ್ಕೊಳ್ಳುತ್ತೆ, ಸ್ಪಂಜೂ ಹೊಸದು ಹಾಕಿದ್ದೀನಿ.