ಕಳೆದದ್ದೋ, ಕಳವಾದದ್ದೋ?

ನೆರೆಮನೆಯ ರಾಯರು ಮೆಜೆಸ್ಟಿಕ್ಕಿನಲ್ಲಿ ಬಸ್ಸಿನಿಂದಿಳಿದು ಅಂಗಿಯ ಜೇಬನ್ನು ಮುಟ್ಟಿ ನೋಡಿಕೊಳ್ಳುವಷ್ಟರಲ್ಲಿ ಅಲ್ಲಿದ್ದ ಮೊಬೈಲು ಪರಹಸ್ತಗತವಾಗಿತ್ತು. ಠಾಣೆಗೆ ಹೋದರೆ, ಮೇಜಿನ ಹಿಂದಿದ್ದವರು ಹಿತೈಷಿಗಳ ಧ್ವನಿಯಲ್ಲಿ, “ಕಳ್ಳತನ ಅಂತ ಬರೆದರೆ ಕೋರ್ಟು ಕಚೇರಿ ಅಲೀಬೇಕಾಗುತ್ತೆ ಸಾರ್, ಕಳೆದುಹೋಗಿದೆ ಅಂತ ಬರೆದುಕೊಡಿ” ಎಂದರಂತೆ. ರಾಯರೂ ಹಾಗೆಯೇ ಬರೆದುಕೊಟ್ಟು ಬಂದರು.

‘ಕಳೆದುದು’, ‘ಕಳವಾದುದು’ ಎಂಬೀ ಎರಡು ಮಾತುಗಳಿಗೆ ಕಿವಿಯಲ್ಲಿ ಇರುವ ಅಂತರವು ಅತ್ಯಲ್ಪವಾದರೂ ಕಾನೂನಿನಲ್ಲಿ ಅದು ಅಗಾಧವಾದುದು. ತಾನಾಗಿ ಜಾರಿಬಿದ್ದ ವಸ್ತುವಿಗೆ ಕಳ್ಳನೆಂಬವನೇ ಇಲ್ಲವಾದುದರಿಂದ ತನಿಖೆಗೂ ಆಸ್ಪದವಿಲ್ಲ. ರಾಜ್ಯ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯ ಸ್ವೀಕೃತಿಪತ್ರವಿರುವುದು ಇಂತಹ ಪ್ರಸಂಗಕ್ಕಾಗಿ. (ಆದರೆ ಬೀದಿಯಲ್ಲಿ ಸಿಕ್ಕಿದ ಫೋನು ಜೇಬಿನೊಳಗೆ ರಿಂಗಣಿಸುತ್ತಿರಲು ಸ್ವಿಚ್ ಆಫ್ ಮಾಡಿ ಮುಂದೆ ನಡೆಯುವ ಸಭ್ಯರು, ಅಪ್ರಾಮಾಣಿಕ ಸ್ವಾಧೀನಕ್ಕೆ ಕನಿಷ್ಠ 6 ತಿಂಗಳ ಸೆರೆಯನ್ನು ವಿಧಿಸುವ, ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮನ್ನು ಅರಿತಿರುವುದೊಳ್ಳೆಯದು.) ಕಳವಾದರೋ, 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಅದೇ ಸಂಹಿತೆಯ 303ನೆಯ ಕಲಮು, ಕೈಯಿಂದ ಕಸಿದು ಓಡಿದ್ದಾದರೆ 304ನೆಯದು, ಅನ್ವಯಿಸುತ್ತದೆ, ಎರಡಕ್ಕೂ 3 ವರ್ಷಗಳವರೆಗೆ ಕಾರಾಗೃಹವಾಸವುಂಟು.

5,000 ರೂಪಾಯಿಗೆ ಕಡಿಮೆಯಿಲ್ಲದ ಬೆಲೆಯ ಫೋನು ಕಳವಾಗಿರಲು ಎಫ್.ಐ.ಆರ್. ದಾಖಲಿಸುವುದು ಠಾಣೆಯವರ ಕೃಪೆಯಲ್ಲ, ಕರ್ತವ್ಯ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಮೇರೆಗೆ ‘ಇದು ನಮ್ಮ ಸರಹದ್ದಲ್ಲ’ ಎಂಬ ನೆಪಕ್ಕೆ ಎಡೆಯಿಲ್ಲ; ವಿದ್ಯುನ್ಮಾನ ಮಾರ್ಗದಿಂದಲೂ ದೂರನ್ನು ಕಳುಹಿಸಬಹುದು, ಆದರೆ 3 ದಿನಗಳೊಳಗೆ ಹೋಗಿ ಸಹಿ ಹಾಕತಕ್ಕದ್ದು; ದಾಖಲೆಯ ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು. ಒಲ್ಲೆನೆಂದರೆ ದೂರಿನ ಸಾರಾಂಶವನ್ನು ಪೊಲೀಸ್ ಸೂಪರಿಂಟೆಂಡೆಂಟರಿಗೆ ಅಂಚೆಯಲ್ಲಿ ಕಳುಹಿಸಿ, ಅಲ್ಲಿಯೂ ಫಲ ಕಾಣದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸುವುದು.

ಠಾಣೆಯ ಮೆಟ್ಟಿಲು ಹತ್ತುವುದಕ್ಕೂ ಮೊದಲೇ, ಪಕ್ಕದವರ ಫೋನನ್ನು ಬೇಡಿಯಾದರೂ ಸಿಮ್ಮನ್ನೂ ಬ್ಯಾಂಕಿನ ಯು.ಪಿ.ಐ.ಯನ್ನೂ ನಿಲ್ಲಿಸಬೇಕು, ಹಣವೇ ಹೋಗಿದ್ದರೆ ಒಡನೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಬೇಕು. ಅನಂತರ ಅದೇ ಸಂಖ್ಯೆಯ ಹೊಸ ಸಿಮ್ಮನ್ನು ಪಡೆದು, ದೂರಿನ ಪ್ರತಿಯೊಡನೆ ಕೇಂದ್ರ ದೂರಸಂಪರ್ಕ ಇಲಾಖೆಯ ‘ಸಂಚಾರ ಸಾಥಿ’ ತಾಣದಲ್ಲಿ ಕೋರಿಕೆ ಸಲ್ಲಿಸಿದರೆ, ಆ ಉಪಕರಣವು ಭಾರತದ ಯಾವ ಕಂಪನಿಯ ಜಾಲದಲ್ಲಿಯೂ ಕೆಲಸ ಮಾಡದಂತೆ ನಿರ್ಬಂಧಿತವಾಗುತ್ತದೆ. ಅದಕ್ಕೆ ಬೇಕಾದುದು 15 ಅಂಕಿಗಳ ಐ.ಎಂ.ಇ.ಐ. ಸಂಖ್ಯೆ. *#06# ಒತ್ತಿದರೆ ಅದು ಕಾಣುವುದೇನೋ ನಿಜ. ಆದರೆ ಒತ್ತುವುದಕ್ಕೆ ಫೋನೇ ಇಲ್ಲವಲ್ಲ!

ರಾಯರು ಮನೆಯನ್ನೆಲ್ಲ ಶೋಧಿಸಿದರು. ಕೊಂಡ ದಿನದ ಡಬ್ಬಿಯು ಕಡೆಗೆ ಅವರ ಪತ್ನಿಯ ಹೊಲಿಗೆಯ ಯಂತ್ರದ ಖಾನೆಯಲ್ಲಿ ದೊರೆಯಿತು. ಒಳಗೆ ಅಂಗಿಯ ಗುಂಡಿಗಳು, ಪಿನ್ನುಗಳು, ಕಪ್ಪು ದಾರದ ಉಂಡೆ. ಹೊರಗೆ ಅಂಟಿಸಿದ್ದ ಚೀಟಿಯಲ್ಲಿ ಆ ಹದಿನೈದೂ ಅಂಕಿಗಳು ಅಕ್ಷತವಾಗಿದ್ದುವು. ಗುಂಡಿಗಳನ್ನು ಲೋಟವೊಂದಕ್ಕೆ ಸುರಿದು, ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು, ‘ಕಳವಾಗಿದೆ’ ಎಂಬ ಎರಡನೆಯ ಅರ್ಜಿಯೊಂದಿಗೆ ಅವರು ಮರುದಿನ ಅದೇ ಮೇಜಿನ ಮುಂದೆ ಹೋಗಿ ನಿಂತರು.